ಗುವ್ವಲಹಳ್ಳಿಯ ತರಗು, ಆವನಿಯ ಜೀರುಂಡೆ

ಕಳೆದ ವಾರ ಶಾರದೆ ನರ್ಸರಿಯಿಂದ ಒಂದು ಪ್ಲಾಸ್ಟಿಕ್ ಚೀಲ ತಂದಳು. ಕುಂಡಗಳಿಗೆ ಹಾಕಲು ಐದು ಕಿಲೋ ಎಲೆಗೊಬ್ಬರ. ಕೋಲಾರದಂಥ ಊರಿನಲ್ಲಿ ಬೀದಿಗೆ ಹತ್ತು ಹೊಂಗೆಮರ ಮೈತುಂಬ ಎಲೆ ಉದುರಿಸುತ್ತಿರುವಾಗ ಕೊಳೆತ ಎಲೆಯನ್ನು ಅಂಗಡಿಯಿಂದ ತರುವ ಕಾಲ ಬಂತಲ್ಲ ಎಂದು ನಾನು ಒಂದು ಸಣ್ಣ ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳು ಕತ್ತರಿಯಿಂದ ಚೀಲದ ಮೂಲೆ ಕತ್ತರಿಸಿದಳು. ವಾಸನೆ ಬಂತು. ಭಾಷಣ ಗಂಟಲಲ್ಲೇ ನಿಂತಿತು.

ತೇವದ ನೆಲ, ಅಣಬೆ, ಸ್ವಲ್ಪ ಹುಳಿ ಬಂದ ಬೆಲ್ಲ, ಈ ಮೂರನ್ನೂ ಒಂದು ಮಡಕೆಯಲ್ಲಿಟ್ಟು ಬಾಯಿ ಕಟ್ಟಿ ತಿಂಗಳು ಬಿಟ್ಟು ತೆಗೆದರೆ ಬರುವ ವಾಸನೆ ಅದು. ನಾನು ಎದ್ದು ಅಡುಗೆಮನೆಗೆ ಹೋಗಿ ಜರಡಿ ತಂದೆ.

“ರೀ, ಅದು ರಾಗಿಹಿಟ್ಟಿನ ಜರಡಿ ಕಣ್ರೀ! ಇಡಿ ಅಲ್ಲಿ.”

“ಒಂದೇ ಒಂದು ಸಲ ನೋಡ್ತೀನಿ.”

“ಅದ್ರಲ್ಲಿ ಹುಳ ಎಲ್ಲಿಂದ ಬರ್ಬೇಕು? ಪ್ಯಾಕೆಟ್ಟು ಅದು. ನಿಮಗಿನ್ನೂ ಸಾಕಾಗಿಲ್ವಾ?”

ನಾನು ಹಳೆಯ ಪೇಪರು ಹಾಸಿ ಐದು ಕಿಲೋವನ್ನೂ ಜರಡಿ ಹಿಡಿದೆ. ಒಂದು ಇರುವೆ ಕೂಡ ಇರಲಿಲ್ಲ. ಅಷ್ಟು ನಿರ್ಮಲವಾದ ಕೊಳೆಯನ್ನು ನಾನು ಕಂಡದ್ದೇ ಇಲ್ಲ. ಆದರೆ ವಾಸನೆ ಕೈಗೆ ಅಂಟಿ ರಾತ್ರಿ ಊಟದವರೆಗೂ ಹೋಗಲಿಲ್ಲ. ಅದರ ಜೊತೆಗೆ ಬಂದ ಆ ಒಂದು ಮಳೆಗಾಲ ಇವತ್ತಿಗೂ ಹೋಗಿಲ್ಲ. ಬರೆದರೆ ಹೋದೀತೇನೋ ಎಂದು ಬರೆಯುತ್ತಿದ್ದೇನೆ.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರಾಗಿದ್ದವನು. ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಎಂದು ಮೂವತ್ತು ವರ್ಷ ಕೇಳಿದೆ. ಮೂವತ್ತು ವರ್ಷವೂ ಮೂರೇ ಇದ್ದವು. ನಿವೃತ್ತಿಗೆ ಎರಡು ವರ್ಷ ಉಳಿದಾಗ ನನಗೊಂದು ದುರಾಸೆ ಹುಟ್ಟಿತು. ಲೋಕಕ್ಕೆ ಗೊತ್ತಿಲ್ಲದ ಒಂದು ಜೀವಕ್ಕಾದರೂ ಹೆಸರಿಟ್ಟು ಹೋಗಬೇಕು. ಹುಲಿ, ಆನೆ ಮೊದಲಾದ ಗಣ್ಯರಿಗೆ ಯಾರೋ ಮೊದಲೇ ಹೆಸರಿಟ್ಟು ಮುಗಿಸಿದ್ದರು. ನನ್ನ ಪಾಲಿಗೆ ಉಳಿದದ್ದು ಜೀರುಂಡೆ. ಜೀರುಂಡೆಗಳಲ್ಲಿ ಎರಡು ದೊಡ್ಡ ಗುಣಗಳಿವೆ: ಅವು ಲೆಕ್ಕವಿಲ್ಲದಷ್ಟು ಇವೆ, ಮತ್ತು ಅವುಗಳನ್ನು ಯಾರೂ ವಿಚಾರಿಸುವುದಿಲ್ಲ.

ಕಾಡಿನ ನೆಲದ ತರಗೆಲೆಯೊಳಗೆ ಬದುಕುವ ಸಣ್ಣ ಜೀರುಂಡೆಗಳನ್ನು ಹಿಡಿಯಲು ಒಂದು ಸಾಧನ ಬೇಕು. ದೊಡ್ಡ ತಗಡಿನ ಆಲಿಕೆ, ಅದರ ಬಾಯಿಗೆ ಜರಡಿ, ಮೇಲೊಂದು ಬಲ್ಬು, ಕೆಳಗೊಂದು ಸ್ಪಿರಿಟ್ ಬಾಟಲಿ. ಜರಡಿಯ ಮೇಲೆ ತರಗು ಹರಡಿದರೆ ಬಲ್ಬಿನ ಕಾವಿಗೆ ಹುಳಗಳು ತಂಪು ಹುಡುಕಿಕೊಂಡು ಕೆಳಕೆಳಗೆ ಸರಿದು ಕೊನೆಗೆ ಬಾಟಲಿಗೆ ಬೀಳುತ್ತವೆ. ಇದನ್ನು ಮಾಡಿಸಲು ಮುಳಬಾಗಿಲಿನಲ್ಲಿ ತಗಡಿನ ಕೆಲಸ ಮಾಡುವ ಖಲೀಲ್ ಸಾಬರ ಅಂಗಡಿಗೆ ಹೋದೆ. ಟ್ರಂಕು, ಹಾಲಿನ ಕ್ಯಾನು, ಜರಡಿ, ಏನು ಹೇಳಿದರೂ ಮಾಡಿಕೊಡುವವರು. ನಾನು ಬರೆದುಕೊಂಡು ಹೋಗಿದ್ದ ಚಿತ್ರವನ್ನು ಅವರು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು.

“ಹಾಲು ಸೋಸಕ್ಕಾ ಮೇಷ್ಟ್ರೇ?”

“ಅಲ್ಲ ಸಾಬ್ರೇ. ತರಗು ಸೋಸಕ್ಕೆ.”

“ತರಗು ಸೋಸಿದ್ರೆ ಏನ್ ಸಿಗ್ತದೆ?”

“ಹುಳ.”

ಸಾಬರು ಅಕ್ಕಪಕ್ಕ ನೋಡಿ ದನಿ ತಗ್ಗಿಸಿದರು. “ಮೇಲ್ಗಡೆ ಕಾವು, ಕೆಳಗಡೆ ಬಾಟ್ಲಿ. ನಮ್ಮ ಹತ್ರ ನಾಚ್ಕೆ ಯಾಕೆ? ಭಟ್ಟಿ ಅಂತ ಹೇಳ್ಬಿಡಿ. ನಾವ್ ಯಾರಿಗೂ ಹೇಳಲ್ಲ.”

ಆದರೂ ಆಲಿಕೆಯನ್ನು ಚಂದವಾಗಿ ಮಾಡಿದರು. ಅದನ್ನು ಹೊತ್ತುಕೊಂಡು ಆ ಜೂನ್, ಜುಲೈ ಎರಡು ತಿಂಗಳು ನಾನು ಜಿಲ್ಲೆ ಸುತ್ತಿದೆ. ಮಾಲೂರಿನ ಕಡೆ ನೀಲಗಿರಿ ತೋಪುಗಳ ಎಲೆ ಸೋಸಿದೆ. ಆ ಎಲೆಯಲ್ಲಿ ಇರಲು ಹುಳಗಳಿಗೂ ಮನಸ್ಸಿಲ್ಲ. ವಕ್ಕಲೇರಿಯ ಕಡೆ ಹೊಲದ ಬದುಗಳಲ್ಲಿ ಸಗಣಿಹುಳ ಬೇಕಾದಷ್ಟು ಸಿಕ್ಕಿದವು. ಅವೆಲ್ಲ ನೂರಾರು ವರ್ಷದ ಹಿಂದೆಯೇ ನಾಮಕರಣವಾದ ಮನೆತನಸ್ಥರು. ಆಗಸ್ಟಿನಲ್ಲಿ ಆಲಿಕೆಯ ಬೆಸುಗೆ ಬಿಟ್ಟಿತೆಂದು ಮತ್ತೆ ಸಾಬರ ಹತ್ತಿರ ಹೋದೆ.

“ಅರೆ, ಮಾಲೂರಿಗೆ ಯಾಕೆ ಹೋಗ್ತೀರಿ ಮೇಷ್ಟ್ರೇ? ಗುವ್ವಲಹಳ್ಳಿಗೆ ಬನ್ನಿ. ಕ್ಯಾನುಗಳಿಗೆ ತಳ ಹಾಕಕ್ಕೆ ಹೋಗ್ತೀನಲ್ಲ, ನೋಡಿದೀನಿ. ಅಲ್ಲಿ ಸಪ್ಪಲಮ್ಮನ ತೋಪಲ್ಲಿ ಮೊಣಕಾಲು ಮಟ ತರಗು. ಯಾರೂ ಎತ್ತಲ್ಲ.”

ಗುವ್ವಲಹಳ್ಳಿ ಶ್ರೀನಿವಾಸಪುರ ತಾಲ್ಲೂಕಿನ ಅಂಚಿಗಿದೆ. ಹೆಸರಿನಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಊರಿನವರ ಮಾತೂ ಹಾಗೇ. ಸಾಬರ ಟಿವಿಎಸ್ ಗಾಡಿಯ ಹಿಂದೆ ಆಲಿಕೆಯನ್ನು ಮಡಿಲಲ್ಲಿಟ್ಟುಕೊಂಡು ಕೂತು, ಮಾವಿನ ತೋಪುಗಳ ನಡುವೆ ಹೋದೆ. ಊರ ಹಿಂದೆ ಎರಡು ಬಂಡೆಗುಡ್ಡ, ಅವುಗಳ ಸಂದಿಯಲ್ಲಿ ಎರಡು ಎಕರೆಯಷ್ಟು ಹಳೆಯ ಕಾಡು. ನೇರಳೆ, ತಾರೆ, ಆಲ, ಹೊಂಗೆ. ನಡುವೆ ಒಂದು ಆಳೆತ್ತರದ ಗುಡಿ, ಸುತ್ತ ಒಂದು ಸಾಲು ನೆಟ್ಟ ಕಲ್ಲು. ಕಲ್ಲುಗಳ ಆಚೆ ನೆಲ ಗುಡಿಸಿದಂತಿತ್ತು, ಏಕೆಂದರೆ ಊರಿನವರು ದನದ ಕೊಟ್ಟಿಗೆಗೆ ಹಾಸಲು ತರಗನ್ನು ಬಳಿದುಕೊಂಡು ಹೋಗುತ್ತಾರೆ. ಕಲ್ಲುಗಳ ಒಳಗೆ ಕಾಲಿಟ್ಟರೆ ಕಾಲು ಕಾಣಿಸುತ್ತಿರಲಿಲ್ಲ. ಬಿಸಿಲಿನಿಂದ ಒಳಗೆ ಹೋದವನಿಗೆ ಯಾರೋ ಒದ್ದೆ ಬಟ್ಟೆಯನ್ನು ಕತ್ತಿನ ಮೇಲೆ ಹಾಕಿದಂತಾಯಿತು.

ಗುಡಿಯ ಮುಂದೆ ಒಬ್ಬ ಹೆಂಗಸು ಪೊರಕೆ ಹಿಡಿದು ನಿಂತಿದ್ದರು. ಮುನಿರತ್ನಮ್ಮ. ಐವತ್ತು ದಾಟಿದವರು, ಎರಡು ಹಸು, ಅರ್ಧ ಎಕರೆ ಹಿಪ್ಪುನೇರಳೆ ಸೊಪ್ಪು, ರೇಷ್ಮೆಹುಳದ ಮನೆ ಒಂದು. ಸಪ್ಪಲಮ್ಮನಿಗೆ ದೀಪ ಹಚ್ಚುವುದು ಅವರ ಮನೆಯವರ ಪಾಲು.

“ಯಾರ್ ಸಾ ನೀವು? ಸರ್ವೇನೋರಾ?”

“ಅಲ್ಲಮ್ಮ, ಮೇಷ್ಟ್ರು. ಸ್ವಲ್ಪ ತರಗು ಬೇಕಿತ್ತು.”

“ಕಲ್ಲಿನ ಆಚೇದು ಎಷ್ಟಾನ ಎತ್ಕೊಳ್ಳಿ. ಒಳಗಡೇದು ಅಮ್ಮನ ಹಾಸಿಗೆ. ಎತ್ತೋ ಹಂಗಿಲ್ಲ.”

“ನೋಡಿ ವಾಪಸ್ ತಂದು ಹಾಕ್ತೀನಿ.”

“ಇನ್ನೊಬ್ರ ಹಾಸಿಗೆ ಎತ್ಕೊಂಡೋಗಿ, ನೋಡಿ ವಾಪಸ್ ತತ್ತೀನಿ ಅಂತಾರಾ ಸಾ ಯಾರಾನ?”

ಖಲೀಲ್ ಸಾಬರು ಮಧ್ಯೆ ಬಂದರು. “ಮಂಚೋರು ರತ್ನಮ್ಮಾ, ಒಳ್ಳೇ ಜನ. ಕಳ್ಳ ಅಲ್ಲ. ಹುಳದ ಹುಚ್ಚು ಒಂದು ಬಿಟ್ರೆ ಬೇರೆ ಏನೂ ಇಲ್ಲ.”

ಈ ಶಿಫಾರಸಿನ ಮೇಲೆ ನನಗೆ ಅನುಮತಿ ಸಿಕ್ಕಿತು, ಒಂದು ಷರತ್ತಿನ ಜೊತೆ. ಯಾವ ಮೂಲೆಯಿಂದ ಎತ್ತಿದ ತರಗೋ ಅದೇ ಮೂಲೆಗೆ, ಅದೇ ವಾರದೊಳಗೆ ವಾಪಸು. ಮುನಿರತ್ನಮ್ಮ ತಮ್ಮ ಹಳೆಯ ಸೀರೆಗಳನ್ನು ಹರಿದು ಚೀಲಗಳಿಗೆ ಗುರುತು ಕಟ್ಟಿದರು. ನೇರಳೆ ಬುಡದ್ದಕ್ಕೆ ಕೆಂಪು ಚಿಂದಿ, ತಾರೆಮರದ್ದಕ್ಕೆ ನೀಲಿ, ಬಂಡೆಯ ಸಂದಿಯದ್ದಕ್ಕೆ ಹಳದಿ. ಆಲಿಕೆಯನ್ನು ಅವರ ರೇಷ್ಮೆಹುಳದ ಮನೆಯಲ್ಲೇ ನೇತುಹಾಕಿದೆವು. ಅಲ್ಲಿ ಬಲ್ಬೂ ಇತ್ತು, ಒಂದು ಬೆಳೆಗೂ ಇನ್ನೊಂದಕ್ಕೂ ನಡುವೆ ಜಾಗವೂ ಖಾಲಿ ಇತ್ತು.

“ನಮ್ಮ ಹುಳಕ್ಕೆ ಸೊಪ್ಪು ಹಾಕ್ತೀವಿ. ನಿಮ್ಮ ಹುಳಕ್ಕೆ ದೀಪ ಹಾಕ್ತೀರಿ,” ಎಂದು ಅವರು ನಕ್ಕರು.

ಅಲ್ಲಿಂದ ಮುಂದೆ ಹುಬ್ಬೆ, ಉತ್ತರೆ, ಹಸ್ತ, ಮಳೆಯಿಂದ ಮಳೆಗೆ, ಪ್ರತಿ ಭಾನುವಾರ ನಾನು ಮುಳಬಾಗಿಲಿನ ಬಸ್ಸು ಹತ್ತುತ್ತಿದ್ದೆ. ಹೋದ ವಾರದ ಚೀಲಗಳನ್ನು ವಾಪಸು ಸುರಿದು, ಹೊಸದಾಗಿ ತುಂಬಿಕೊಂಡು, ಬಾಟಲಿ ಬದಲಾಯಿಸಿ ಬರುವುದು. ಒಂದು ಸಲ ಮಳೆ ಜೋರಾಗಿ ಬಂತೆಂದು ಅವಸರದಲ್ಲಿ ನೀಲಿ ಚಿಂದಿಯ ಚೀಲವನ್ನು ನೇರಳೆ ಬುಡಕ್ಕೆ ಸುರಿದೆ. ಯಾರೂ ನೋಡಲಿಲ್ಲವೆಂದುಕೊಂಡೆ. ಮರುವಾರ ಮುನಿರತ್ನಮ್ಮ ಒಂದು ಹಿಡಿ ತರಗು ಎತ್ತಿ ಮೂಸಿ ನನ್ನ ಮುಖದ ಮುಂದೆ ಹಿಡಿದರು.

“ಇದು ತಾರೆಮರದ್ದು. ಇಲ್ಲಿಗ್ಯಾಕೆ ಬಂತು?”

“ಎಲ್ಲಾ ಒಂದೇ ತೋಪಿನದಲ್ವಾ ಮುನಿರತ್ನಮ್ಮ…”

“ನಿಮ್ಮ ಕಾಲೇಜಲ್ಲಿ ಹಿಂಗೇನಾ? ಯಾರ್ದೋ ಮಾರ್ಕ್ಸು ಯಾರ್ಗೋ ಹಾಕ್ತೀರಾ?”

ಬಗ್ಗಿ ಎಲ್ಲವನ್ನೂ ಆರಿಸಿ ತಾರೆ ಬುಡಕ್ಕೆ ಸಾಗಿಸಿದೆ. ದೊಡ್ಡ ಸಂಗ್ರಹಾಲಯಗಳ ಅಧಿಕಾರಿಗಳು ನನಗೆ ಗೊತ್ತು. ಯಾವುದು ಎಲ್ಲಿಯದು ಎಂಬ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಿನವರನ್ನು ನಾನು ನೋಡಿರಲಿಲ್ಲ.

ಉತ್ತರೆ ಮಳೆಯ ಒಂದು ಭಾನುವಾರ, ಹಳದಿ ಚಿಂದಿಯ ಚೀಲದಿಂದ ಬಂದ ಬಾಟಲಿಯನ್ನು ಬಿಳಿ ತಟ್ಟೆಗೆ ಬಗ್ಗಿಸಿದಾಗ, ಇರುವೆ, ಉಣ್ಣಿಗಳ ನಡುವೆ ನಾಲ್ಕು ಕರಿ ಉಂಡೆಗಳು ಕಂಡವು. ಸಾಸಿವೆಗಿಂತ ದಪ್ಪ, ಕೊತ್ತಂಬರಿ ಬೀಜಕ್ಕಿಂತ ಸಣ್ಣ. ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಯಾವುದೋ ಬೀಜವೆಂದು ಪಕ್ಕಕ್ಕೆ ತಳ್ಳಿದೆ. ಮುನಿರತ್ನಮ್ಮ ಹಿಂದಿನಿಂದ ಬಗ್ಗಿ ನೋಡಿದರು.

“ಅದ್ಯಾಕೆ ಬಿಟ್ರಿ ಸಾ? ಅಮ್ಮನ ಮಣಿ ಅಲ್ವಾ ಅದು?”

“ಮಣಿ?”

“ಹುಳ ಸಾ. ಮುಟ್ಟಿದ್ರೆ ಕಾಲು ತಲೆ ಎಲ್ಲಾ ಒಳಗೆ ಮಡಿಸ್ಕೊಂಡು ಉಂಡೆ ಆಗ್ತದೆ. ಸುಮ್ಕೆ ಬಿಟ್ರೆ ಎದ್ದು ನಡೀತದೆ. ಈ ಕಲ್ಲಿನ ಒಳಗೆ ಮಾತ್ರ. ಆಚೆ ಇಲ್ಲ.”

ಭೂತಗನ್ನಡಿ ಹಿಡಿದೆ. ವಿಜ್ಞಾನಕ್ಕೆ ಇನ್ನೂ ಗೊತ್ತಿಲ್ಲದ ಜೀವವೊಂದು ನನ್ನ ತಟ್ಟೆಯಲ್ಲಿತ್ತು. ಗುವ್ವಲಹಳ್ಳಿಗೆ ಮಾತ್ರ ಅದು ಮುತ್ತಜ್ಜಿಯ ಕಾಲದಿಂದ ಗೊತ್ತಿತ್ತು.

ಗೊತ್ತಿಲ್ಲದ್ದು ಎಂದು ಹೇಳಿದರೆ ಯಾರೂ ಒಪ್ಪುವುದಿಲ್ಲ, ಸಾಬೀತು ಮಾಡಬೇಕು. ಹಸ್ತ, ಚಿತ್ತೆ ಮಳೆ ಮುಗಿದು ಚಳಿ ಬರುವವರೆಗೂ ನಾನು ಮನೆಯ ಕಿಟಕಿಯ ಬಳಿ ಸೂಕ್ಷ್ಮದರ್ಶಕದ ಮುಂದೆ ಕೂತೆ. ಜೀರುಂಡೆ ಶಾಸ್ತ್ರದ ಒಂದು ನಿಯಮವೆಂದರೆ, ಗಂಡಿನ ಜನನಾಂಗದ ಆಕಾರ ನೋಡದೆ ಎರಡು ಜಾತಿ ಬೇರೆಬೇರೆ ಎಂದು ತೀರ್ಪು ಕೊಡುವಂತಿಲ್ಲ. ಕೂದಲಿಗಿಂತ ತೆಳುವಾದ ಸೂಜಿಯಿಂದ ಅದನ್ನು ಬಿಡಿಸಿ, ಚಿತ್ರ ಬರೆಯಬೇಕು. ನಾಲ್ಕನೆಯ ದಿನ ಶಾರದೆ ಕಾಫಿ ತಂದಿಟ್ಟು, “ಅದೇನ್ರೀ ಅಷ್ಟು ನೋಡೋದು?” ಎಂದಳು. ಹೇಳಿದೆ. ಅವಳು ಆಮೇಲೆ ಒಂದು ವಾರ, ಮನೆಗೆ ಬಂದವರಿಗೆ “ಅವರು ಏನೋ ಬರೀತಿದಾರೆ” ಎಂದಷ್ಟೇ ಹೇಳುತ್ತಿದ್ದಳು.

ಆ ಕೆಲಸದಲ್ಲಿ ಒಂದು ಸಂಗತಿ ತಿಳಿಯಿತು. ಅದರ ಬೆನ್ನ ಮೇಲಿನ ಎರಡು ಮುಚ್ಚಳಗಳೂ ಒಂದಕ್ಕೊಂದು ಬೆಸೆದುಕೊಂಡಿದ್ದವು. ಬಿಡಿಸಿ ನೋಡಿದರೆ ಒಳಗೆ ರೆಕ್ಕೆಯೇ ಇಲ್ಲ. ಹಾರಲಾರದ ಜೀವ. ತರಗಿನಡಿಯಲ್ಲೇ ಹುಟ್ಟಿ, ತರಗಿನಡಿಯಲ್ಲೇ ನಡೆದು, ಅಲ್ಲೇ ಸಾಯುವುದು. ಕಲ್ಲಿನ ಆಚೆ ಇಲ್ಲ ಎಂದು ಮುನಿರತ್ನಮ್ಮ ಹೇಳಿದ್ದರ ಕಾರಣ ಅದು.

ಹೊಸ ಜಾತಿಯೆಂದು ಖಚಿತವಾದ ಮೇಲೆ ಮೊದಲು ಹೇಳಿದ್ದು ಅವರಿಗೇ. ಅವರು ಹಸುವಿಗೆ ಹಿಂಡಿ ಕಲಸುತ್ತಿದ್ದರು.

“ಪುಸ್ತಕದಲ್ಲಿ ಬರ್ತದಾ ಸಾ?”

“ಬರ್ತದೆ.”

“ಊರ ಹೆಸರು?”

“ಅದು ಬರ್ಲೇಬೇಕು. ಎಲ್ಲಿ ಸಿಕ್ತು ಅಂತ ಬರೀದಿದ್ರೆ ಅಚ್ಚೇ ಹಾಕಲ್ಲ.”

ಅವರು ಕೈ ತೊಳೆದುಕೊಂಡು ಬಂದು ಎದುರಿಗೆ ಕೂತರು. “ಹಂಗಾದ್ರೆ ಗುವ್ವಲಹಳ್ಳಿ, ಸಪ್ಪಲಮ್ಮನ ತೋಪು ಅಂತ ನೆಟ್ಟಗೆ ಬರೀರಿ ಸಾ. ಈ ತೋಪು ಯಾವ ಕಾಗದದಲ್ಲೂ ಇಲ್ಲ. ಪಹಣೀಲಿ ಬರೀ ಖರಾಬು, ಕೆಲ್ಸಕ್ಕೆ ಬಾರದ ನೆಲ ಅಂತೈತೆ. ಜಲ್ಲಿ ಮಿಷನ್ನೋರು ಎರಡು ಸಲ ಬಂದು ಗುಡ್ಡ ನೋಡ್ಕೊಂಡು ಹೋದ್ರು. ಲಾರಿ ಹೋಗಕ್ಕೆ ದಾರಿ ಅಂದ್ರೆ ಇದೇ ದಾರಿ. ನಾಳೆ ಯಾರಾನ ಕೇಳಿದ್ರೆ, ಇಲ್ಲಿ ಇಂಥಾದ್ದು ಐತೆ ಅಂತ ತೋರ್ಸಕ್ಕೆ ನಮಗೊಂದು ಕಾಗದ ಬೇಕು.”

“ಬರೀತೀನಿ ಮುನಿರತ್ನಮ್ಮ. ಮಾತು ಕೊಟ್ಟಿದೀನಿ ಅಂತ ಇಟ್ಕೊಳ್ಳಿ.”

ಈಗ ಬರೆಯಬೇಕಾದ್ದು ಬಂತು.

ಹಲವು ವರ್ಷದ ಹಿಂದೆ ಮಾಲೂರಿನ ಬಳಿ ಒಂದು ಕೆರೆಯ ಏರಿಯಲ್ಲಿ ಅಪರೂಪದ ನೆಲಜೀರುಂಡೆ ಕಂಡು, ಉತ್ಸಾಹದಲ್ಲಿ ನಾಲ್ಕು ಜನ ಬಲ್ಲವರಿಗೆ ಪತ್ರ ಬರೆದಿದ್ದೆ. ಮುಂದಿನ ವಾರ ಎರಡು ಕಾರು ಬಂದವು. ಏರಿಯ ಕಲ್ಲುಗಳನ್ನೆಲ್ಲ ಮಗುಚಿ, ಇದ್ದಷ್ಟನ್ನೂ ಬಾಟಲಿಗೆ ಹಾಕಿಕೊಂಡು ಹೋದರು. ಆಮೇಲೆ ನಾನು ಅಲ್ಲಿ ಅದನ್ನು ಕಂಡಿಲ್ಲ. ಎರಡು ಎಕರೆ ತೋಪಿನಲ್ಲಿ, ಹಾರಲು ಬಾರದ ಹುಳ. ಹೆಸರು ಬಿದ್ದ ತಿಂಗಳಿಗೇ ಬೆಂಗಳೂರಿನಿಂದ ಚೀಲ ಹಿಡಿದುಕೊಂಡು ಬರುತ್ತಾರೆ. ಆದ್ದರಿಂದ ಜಾಗ ಮುಚ್ಚಿಡಬೇಕು. ಹೀಗೆ ನನಗೆ ನಾನೇ ವಾದಿಸಿ, ನಾನೇ ತೀರ್ಪು ಕೊಟ್ಟುಕೊಂಡೆ.

ಇಷ್ಟೇ ಆಗಿದ್ದರೆ ಒಳ್ಳೆಯ ಉದ್ದೇಶ ಎಂದಾದರೂ ಹೇಳಿಕೊಳ್ಳಬಹುದಿತ್ತು. ಆ ತೋಪಿನಲ್ಲಿ ಇನ್ನೊಂದೆರಡು ಹೊಸ ಜಾತಿ ಇದ್ದರೂ ಇರಬಹುದು, ಅವೂ ನನ್ನವೇ ಆಗಲಿ ಎಂಬ ಲೆಕ್ಕವೂ ಒಳಗಿತ್ತು. ಇದನ್ನು ಶಾರದೆಗೂ ಹೇಳಿಲ್ಲ. ಓದಿದಾಗ ಗೊತ್ತಾಗುತ್ತದೆ.

ನಾನು ಬರೆದೆ: “ಆವನಿ ಬೆಟ್ಟದ ಬುಡದ ಕಾಡು, ಮುಳಬಾಗಿಲು ತಾಲ್ಲೂಕು.” ಆವನಿಯಾದರೆ ದೊಡ್ಡ ಊರು, ಹಳೆಯ ದೇವಸ್ಥಾನವಿದೆ, ದೊಡ್ಡ ಬೆಟ್ಟವಿದೆ. ಹುಳಚೋರರು ಬೇಕಾದರೆ ಅಲ್ಲಿಗೆ ಹೋಗಿ, ದರ್ಶನ ಮಾಡಿಕೊಂಡು, ಬರಿಗೈಯಲ್ಲಿ ವಾಪಸು ಹೋಗಲಿ. ಒಂದೊಂದು ಹುಳದ ಕೆಳಗೂ ಗುಂಡುಸೂಜಿಗೆ ಚುಚ್ಚಿದ ಸಣ್ಣ ಚೀಟಿಗಳ ಮೇಲೂ ಆವನಿಯೆಂದೇ ಬರೆದೆ. ಕೊಟ್ಟ ಮಾತಿನ ಮುಳ್ಳು ಚುಚ್ಚುತ್ತಿದ್ದುದರಿಂದ ಜೀರುಂಡೆಗೆ ಸಪ್ಪಲಮ್ಮನ ಹೆಸರಿಟ್ಟೆ. ಊರು ಇಲ್ಲದಿದ್ದರೇನು, ದೇವತೆಯೇ ಇದ್ದಾಳಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಲೇಖನ ಅಚ್ಚಾಯಿತು. ಇಂಗ್ಲಿಷಿನಲ್ಲಿತ್ತು. ಒಂದು ಪ್ರತಿಯನ್ನು ಗುವ್ವಲಹಳ್ಳಿಗೆ ತೆಗೆದುಕೊಂಡು ಹೋದೆ. ಮುನಿರತ್ನಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಎರಡೂ ಕೈಯಿಂದ ತೆಗೆದುಕೊಂಡರು.

“ಊರ ಹೆಸರು ಎಲ್ಲೈತೆ ಸಾ?”

ನಾನು ಜೀರುಂಡೆಯ ಹೆಸರಿನ ಮೇಲೆ ಬೆರಳಿಟ್ಟೆ. “ಇಲ್ಲಿ ನೋಡಿ, ಅಮ್ಮನ ಹೆಸರೇ ಇದೆ.”

ಅವರು ನಾನು ಬೆರಳಿಟ್ಟ ಜಾಗಕ್ಕೆ ಅರಿಶಿನ ಕುಂಕುಮ ಹಚ್ಚಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಪಡಿತರ ಚೀಟಿ ಇಡುವ ಪೆಟ್ಟಿಗೆಯಲ್ಲಿಟ್ಟರು. ನನಗೆ ಹೋಳಿಗೆ ಊಟ ಹಾಕಿದರು. ತಿಂದೆ.

ನಾನು ನಿವೃತ್ತನಾಗಿ ವರ್ಷವಾಗಿರಲಿಲ್ಲ, ಗುಡ್ಡವನ್ನು ಜಲ್ಲಿಗೆ ಕೊಡುವುದೆಂದೂ, ಲಾರಿಗಳಿಗೆ ತೋಪಿನ ಮೂಲಕ ದಾರಿಯೆಂದೂ ನೋಟೀಸು ಬಂತು. ತಕರಾರಿದ್ದವರು ಮೂವತ್ತು ದಿನದೊಳಗೆ ಹೇಳಬೇಕು. ಮುನಿರತ್ನಮ್ಮ ಫೋನು ಮಾಡಿದರು. ದನಿಯಲ್ಲಿ ಗಾಬರಿಯಿರಲಿಲ್ಲ.

“ನಮ್ಮ ಹತ್ರ ಕಾಗದ ಐತಲ್ಲ ಸಾ. ನೀವೂ ಬನ್ನಿ, ಇಂಗ್ಲಿಷಲ್ಲಿ ಹೇಳಕ್ಕೆ.”

ಯಾವ ಕಚೇರಿಯೆಂದು ಬರೆಯುವುದಿಲ್ಲ. ತಪ್ಪು ಆ ಕಚೇರಿಯದ್ದಲ್ಲ. ಅಧಿಕಾರಿ ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು, ಇಬ್ಬರಿಗೂ ಕುರ್ಚಿ ಹಾಕಿಸಿದರು. ಮುನಿರತ್ನಮ್ಮ ಪ್ಲಾಸ್ಟಿಕ್ ಕವರು ಬಿಚ್ಚಿ ಮೇಜಿನ ಮೇಲಿಟ್ಟರು. ಆತ ಕುಂಕುಮದ ಪುಡಿ ಉದುರದ ಹಾಗೆ ಹಾಳೆ ತಿರುಗಿಸಿ, ಮೊದಲಿನಿಂದ ಕೊನೆಯವರೆಗೆ ಓದಿದರು. ಅದನ್ನು ಪೂರ್ತಿ ಓದಿದ ಮನುಷ್ಯ ಈ ಜಿಲ್ಲೆಯಲ್ಲಿ ಬಹುಶಃ ಅವರೊಬ್ಬರೇ.

“ಅಮ್ಮಾ, ಇದ್ರಲ್ಲಿ ನಿಮ್ಮೂರಿಲ್ಲ.”

“ಸರಿಯಾಗಿ ನೋಡಿ ಸಾ. ಅಮ್ಮನ ಹೆಸರೈತೆ.”

“ಸಪ್ಪಲಮ್ಮ ನಮ್ಮೂರಲ್ಲೂ ಇದಾಳಮ್ಮ. ಇದ್ರಲ್ಲಿ ಆವನಿ ಬೆಟ್ಟ ಅಂತಿದೆ. ತಾಲ್ಲೂಕೇ ಬೇರೆ.”

ಮುನಿರತ್ನಮ್ಮ ನನ್ನ ಕಡೆ ತಿರುಗಿದರು. “ಸಾ, ಹೇಳಿ ಅವರ್ಗೆ.”

ಹೇಳಿದೆ. ಸಿಕ್ಕಿದ್ದು ಗುವ್ವಲಹಳ್ಳಿಯಲ್ಲಿ, ಜಾಗ ಕಾಪಾಡಬೇಕೆಂದು ಆವನಿ ಅಂತ ಬರೆದೆ, ಎಂದೆ. ಕಾಪಾಡಬೇಕೆಂದು ಎಂಬ ಪದ ಆ ಕೋಣೆಯಲ್ಲಿ ಕೇಳಿದ ರೀತಿಗೆ ನಾನೇ ತಲೆ ತಗ್ಗಿಸಿದೆ.

ಅಧಿಕಾರಿ ಕನ್ನಡಕ ತೆಗೆದರು. “ತಪ್ಪು ತಿಳ್ಕೋಬೇಡಿ ಸಾರ್, ನಾನೂ ಸೈನ್ಸ್ ಸ್ಟೂಡೆಂಟೇ. ಆಗ ಬರ್ದಿದ್ದು ಸುಳ್ಳಾ, ಈಗ ಹೇಳ್ತಿರೋದು ಸುಳ್ಳಾ? ಯಾವುದನ್ನ ಫೈಲಲ್ಲಿ ಹಾಕ್ಲಿ?”

“ತಿದ್ದುಪಡಿ ಬರೀತೀನಿ.”

“ಬರೀರಿ. ಅಚ್ಚಾಗಿ ಬಂದ ದಿನ ತನ್ನಿ, ಖಂಡಿತ ಹಾಕ್ತೀನಿ. ಆದ್ರೆ ಮೂವತ್ತು ದಿನದಲ್ಲಿ ಹನ್ನೊಂದು ದಿನ ಆಗ್ಲೇ ಮುಗ್ದಿದೆ.”

ಪತ್ರಿಕೆಯವರಿಗೆ ಅದೇ ದಿನ ಬರೆದೆ. ಅವರು ನನ್ನ ಪತ್ರವನ್ನು ಇಬ್ಬರು ಪಂಡಿತರ ಪರಿಶೀಲನೆಗೆ ಕಳಿಸಿದ್ದೇವೆ ಎಂದು ತಿಳಿಸಿದರು. ಪಂಡಿತರಿಗೆ ಅವಸರವಿರಲಿಲ್ಲ.

ಆವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಮುನಿರತ್ನಮ್ಮ ಒಂದೇ ಮಾತು ಕೇಳಿದರು.

“ಅವತ್ತು ಬೆರಳಿಟ್ಟು ತೋರ್ಸಿದ್ರಲ್ಲ ಸಾ. ಅವಾಗ್ಲೇ ಗೊತ್ತಿತ್ತಾ ನಿಮಗೆ, ಊರ ಹೆಸರು ಇಲ್ಲ ಅಂತ?”

“ಗೊತ್ತಿತ್ತು.”

“ಅವುನಾ,” ಎಂದರು. ಹೌದಾ ಎಂದು ತೆಲುಗಿನಲ್ಲಿ ಹೇಳಿದ್ದು ತಮಗೆ ತಾವೇ ಹೇಳಿಕೊಂಡ ಹಾಗಿತ್ತು.

ಮರುವರ್ಷ ಮಳೆ ಹಿಡಿಯುವ ಮುಂಚೆ ಜೆಸಿಬಿ ಬಂತು. ಸಪ್ಪಲಮ್ಮನ ಕಲ್ಲನ್ನು ಪೂಜೆ ಮಾಡಿಸಿಯೇ ಎತ್ತಿ, ಡಾಂಬರು ರಸ್ತೆಯ ಪಕ್ಕದಲ್ಲಿ ಟೈಲ್ಸು ಹಾಕಿದ ಹೊಸ ಗುಡಿಯಲ್ಲಿಟ್ಟರು. ನಾನೂ ಖಲೀಲ್ ಸಾಬರೂ ಓಡಿ ಹೋದಾಗ ತರಗು, ಮಣ್ಣು, ಬೇರು ಎಲ್ಲ ಒಂದೇ ರಾಶಿಯಾಗಿ ಅಂಚಿಗೆ ಬಿದ್ದಿತ್ತು. ಮುನಿರತ್ನಮ್ಮ ಮೊದಲೇ ಬಂದು ಚೀಲಗಳಿಗೆ ತುಂಬುತ್ತಿದ್ದರು. ಯಾವುದು ನೇರಳೆಯದು, ಯಾವುದು ತಾರೆಯದು ಎಂದು ಅವರು ಮೂಸಿ ನೋಡಲಿಲ್ಲ. ಮೂವರೂ ಸೇರಿ ಏಳು ಚೀಲ ಹೊತ್ತು ತಂದು ಆಲಿಕೆಗೆ ಹಾಕಿದೆವು. ಮೂರು ದಿನ ಬಲ್ಬು ಉರಿಯಿತು. ಬಾಟಲಿಯಲ್ಲಿ ಇರುವೆ ಬಿದ್ದವು, ಜೇಡ ಬಿದ್ದವು. ಮಣಿ ಒಂದೂ ಬೀಳಲಿಲ್ಲ.

“ನಕ್ಕೋ ಮೇಷ್ಟ್ರೇ, ಬೇಡ,” ಎಂದರು ಖಲೀಲ್ ಸಾಬರು, ನಾನು ಎಂಟನೆಯ ಚೀಲಕ್ಕೆಂದು ಎದ್ದಾಗ. “ಸಾಕು. ಕೂತ್ಕೊಳ್ಳಿ.”

ತಿದ್ದುಪಡಿ ಅಚ್ಚಾದದ್ದು ಆಮೇಲೆ. ಐದು ಸಾಲು. ಅದನ್ನೂ ಗುವ್ವಲಹಳ್ಳಿಗೆ ತೆಗೆದುಕೊಂಡು ಹೋದೆ. ಅಂಚೆಯಲ್ಲಿ ಕಳಿಸುವ ಹೇಡಿತನ ಮಾಡಬಾರದು ಎನಿಸಿತು. ಗುಡ್ಡದ ಕಡೆಯಿಂದ ಕಲ್ಲು ಪುಡಿಯಾಗುವ ಸದ್ದು ಬರುತ್ತಿತ್ತು. ಸೊಪ್ಪಿನ ಮೇಲೆಲ್ಲ ಬೂದುಬಣ್ಣದ ಧೂಳು. ಮುನಿರತ್ನಮ್ಮ ಹುಳಕ್ಕೆ ಹಾಕುವ ಮುಂಚೆ ಒಂದೊಂದೇ ಎಲೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು.

“ಓದಿ ಸಾ. ಬೆರಳಿಡಬೇಡಿ. ಓದಿ.”

ಕನ್ನಡದಲ್ಲಿ ಓದಿದೆ. ಗುವ್ವಲಹಳ್ಳಿ, ಸಪ್ಪಲಮ್ಮನ ತೋಪು, ಶ್ರೀನಿವಾಸಪುರ ತಾಲ್ಲೂಕು; ಹಿಂದೆ ಆವನಿ ಎಂದು ಬರೆದದ್ದು ಲೇಖಕನ ತಪ್ಪು.

“ಈಗ ಸರಿಯಾಗೈತೆ,” ಎಂದರು. ಇನ್ನೂ ನಾಲ್ಕು ಎಲೆ ಒರೆಸಿದರು. “ಆವನೀಲಿ ನೋಡಿದೀರಾ ನೀವು?”

“ಏನು?”

“ಮಣಿ.”

“ಇಲ್ಲ. ಅಲ್ಲಿ ಎಲ್ಲಿ ಇರುತ್ತೆ…”

“ನೋಡ್ದೇ ಐತೆ ಅಂತ ಬರದ್ರಿ. ಈಗ ನೋಡ್ದೇ ಇಲ್ಲ ಅಂತೀರಿ. ಅದೂ ಬೆಟ್ಟಾನೇ, ಅಲ್ಲೂ ಬಂಡೆ ಸಂದಿ ಐತೆ. ಹೋಗಿ ನೋಡಿ ಸಾ.”

ಹೀಗಾಗಿ ನಾನು ಈಗ ಮೂರು ಮಳೆಗಾಲದಿಂದ ಆವನಿ ಬೆಟ್ಟದ ಬುಡದಲ್ಲಿ ತರಗು ಸೋಸುತ್ತಿದ್ದೇನೆ. ಬರೆದ ಸುಳ್ಳು ಹೇಗಾದರೂ ನಿಜವಾಗಲಿ ಎಂದು ಮೊಣಕಾಲೂರಿ ಬೇಡಿಕೊಳ್ಳುವುದಕ್ಕೆ ಶಾಸ್ತ್ರದಲ್ಲಿ ಏನು ಹೆಸರಿದೆಯೋ ತಿಳಿಯದು. ಮಂಡಿ ನೋಯುತ್ತದೆ. ಈ ಸಲ ಉತ್ತರೆ ಮಳೆಯಲ್ಲಿ, ಮೇಕೆ ಮೇಯಿಸುವ ಒಬ್ಬ ಮುದುಕ ಕೊಡೆ ಊರಿಕೊಂಡು ಬಹಳ ಹೊತ್ತು ನನ್ನನ್ನೇ ನೋಡುತ್ತ ನಿಂತಿದ್ದ.

“ಏನ್ ಕಳ್ಕೊಂಡ್ರಿ ಸಾಮಿ?”

“ಒಂದು ಹುಳ. ಇಲ್ಲಿದೆ ಅಂತ ಬರ್ದಿದಾರೆ.”

“ಯಾರು ಬರ್ದಿರೋದು?”

“ಯಾರೋ ಮೇಷ್ಟ್ರು.”

“ಮೇಷ್ಟ್ರಾ?” ಅವನು ಮೇಕೆಗಳನ್ನು ಇನ್ನೊಂದು ಕಡೆ ಅಟ್ಟಿ, ನನಗೆ ಜಾಗ ಮಾಡಿಕೊಟ್ಟ. “ಹಂಗಾದ್ರೆ ನೋಡೇ ಬರ್ದಿರ್ತಾರೆ ಬಿಡಿ. ಹುಡ್ಕಿ, ಸಿಗ್ತದೆ.”